ಸಾಲುಗಟ್ಟಿದ ಕುಳಿಗಳು

ಆಗಿನ ಔರಂಗಾಬಾದಿನಲ್ಲಿ ಎಂ.ಎಸ್ಸಿ. ಮುಗಿಸಿದ್ದ ನಮ್ಮಿಬ್ಬರು ಗೆಳೆಯರಲ್ಲಿ ಒಬ್ಬನಿಗಷ್ಟೇ ನಮ್ಮ ಸರ್ ಪಿಎಚ್.ಡಿ.ಗೆ ಜಾಗ ಕೊಡುವವರಿದ್ದರು. ನಾಸಿಕದ ಕಾಲೇಜೊಂದರ ವಿಚಾರಸಂಕಿರಣದಲ್ಲಿ ಇಬ್ಬರೂ ಮಾತಾಡಬೇಕು, ಆಮೇಲೆ ತೀರ್ಮಾನ. ಎಂಬತ್ತರ ದಶಕದ ಕೊನೆಯಿರಬೇಕು. ಇಸವಿಯ ಬಗ್ಗೆ ನನಗೆ ಖಾತ್ರಿಯಿಲ್ಲ.

ಗಾಜು ಕರಗಿಸಿ ಹೊಯ್ಯುವುದು, ಅದರೊಳಗೆ ಪರಮಾಣುಗಳು ಹೇಗೆ ಹೆಣೆದುಕೊಂಡಿವೆ ಎಂದು ಹುಡುಕುವುದು ನನ್ನ ಕೆಲಸ. ಕಲಬುರಗಿಯಿಂದ ಬಂದಿದ್ದ ಗೆಳೆಯ ಅದೇ ಗಾಜಿನ ಮೇಲೆ ವಿಕಿರಣದ ಕಣಗಳನ್ನು ಹಾಯಿಸುತ್ತಿದ್ದ. ಕಣ ಬಡಿದಲ್ಲಿ ಕಣ್ಣಿಗೆ ಕಾಣದ ಗಾಯವಾಗುತ್ತದೆ; ಆಸಿಡ್‌ನಲ್ಲಿ ಅದ್ದಿದರೆ ಅದು ಅಗಲವಾಗಿ ಕುಳಿಯಾಗುತ್ತದೆ, ಸೂಕ್ಷ್ಮದರ್ಶಕದಲ್ಲಿ ಎಣಿಸಬಹುದು. ಕುಲುಮೆಯ ಮುಂದೆ ಬೆವರಿದವನು ನಾನು. ವಿಭಾಗಕ್ಕೆ ಬಂದವರೆಲ್ಲ ಕೇಳುತ್ತಿದ್ದುದು ಅವನು ತೆಗೆದ ಕುಳಿಗಳ ಫೋಟೊ.

ನಾಸಿಕಕ್ಕೆ ಹೋಗುವಾಗ ಎಸ್.ಟಿ. ಬಸ್ಸು ವೈಜಾಪುರದಲ್ಲಿ ನಿಂತಿತ್ತು. ಅವನು ಫೋಟೊ ತೆಗೆದು ನನ್ನ ತೊಡೆಯ ಮೇಲಿಟ್ಟ.

“ನೋಡೋ, ಹ್ಯಾಂಗ್ ಬಂದದ?”

ಕೆಲವು ಕುಳಿಗಳು ನೇರ ಸಾಲಿನಲ್ಲಿದ್ದವು. ಕಣಗಳು ಹಾಗೆ ಸಾಲುಗಟ್ಟಿ ಬೀಳುವುದಿಲ್ಲ. ಅವು ನಾನು ಗಾಜನ್ನು ಉಜ್ಜಿ ನುಣುಪು ಮಾಡುವಾಗ ಉಳಿದ ಗೀರುಗಳು. ಆಸಿಡ್ ಅವನ್ನೂ ಅಗಲಿಸಿತ್ತು. ಅವನು ಅವನ್ನೂ ಕಣಗಳ ಗುರುತೆಂದು ಎಣಿಸಿದ್ದ.

“ಭಾರಿ ಬಂದದ ಬಿಡು,” ಎಂದೆ.

“ನೀ ಹೊಗಳ್ದಿ ಅಂದ್ರ ಏನೋ ಗಡಬಡ್ ಅದ,” ಎಂದು ನಕ್ಕ.

ಮರುದಿನ ನಾನು ಮಾತಾಡುವಾಗ ಹಿಂದಿನ ಬೆಂಚಿನವರು ದ್ರಾಕ್ಷಿ ಹಂಚಿಕೊಂಡು ತಿನ್ನುತ್ತಿದ್ದರು. ಅವನ ಮೊದಲ ಸ್ಲೈಡಿಗೇ ಎಲ್ಲರ ಕತ್ತು ಮುಂದೆ ಬಂತು. ಪ್ರಶ್ನೆಗಳ ಸಮಯದಲ್ಲಿ ನಾನು ಎದ್ದು ನಿಂತು ಆ ಸಾಲನ್ನು ತೋರಿಸಿ, ಅವು ಗೀರುಗಳಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆಗತಾನೆ ಕಂಡವನಂತೆ ದನಿಯಲ್ಲಿ ಆಶ್ಚರ್ಯ ಬೆರೆಸಿದ್ದೆ.

ಅವನು ಪರದೆಯ ಹತ್ತಿರ ಹೋಗಿ ನೋಡಿದ. ಹೌದು, ಎಣಿಕೆ ತಪ್ಪಿದೆ, ಮತ್ತೆ ಮಾಡುತ್ತೇನೆ ಎಂದ. ಸಭೆ ಚಪ್ಪಾಳೆ ತಟ್ಟಿತೆಂದು ನನ್ನ ನೆನಪು. ತಪ್ಪು ಒಪ್ಪಿಕೊಂಡವನಿಗೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೇ? ಅದು ನನ್ನ ಹೊಟ್ಟೆಕಿಚ್ಚು ಆಮೇಲೆ ಸೇರಿಸಿದ್ದೂ ಇರಬಹುದು.

ವರಾಂಡದಲ್ಲಿ ಸರ್ ನನ್ನನ್ನು ನಿಲ್ಲಿಸಿ ಮರಾಠಿಯಲ್ಲಿ ಕೇಳಿದರು: “ಅರೇ, ಗಾಜು ಉಜ್ಜಿದವನು ನೀನೇ ಅಲ್ಲವೇ? ಇದು ಯಾವಾಗ ಗೊತ್ತಾಯಿತು?”

“ಆತ್ತಾಚ್, ಸರ್,” ಎಂದೆ. ಈಗಷ್ಟೇ.

ಗೆಳೆಯ ಪಕ್ಕದಲ್ಲೇ ಇದ್ದ. ನನ್ನ ಮುಖ ನೋಡಿದ, ಬಸ್ಸಿನ ಮಾತು ಎತ್ತಲಿಲ್ಲ.

ವಾರದೊಳಗೆ ಜಾಗ ಅವನದಾಯಿತು. ಅಂದು ಅವನು ಬಾಯಿಬಿಟ್ಟಿದ್ದರೆ ಅವನ ಮೇಲೂ ಒಂದಿಷ್ಟು ಸಣ್ಣತನ ಹೊರಿಸಿ ನಾನು ಹಗುರಾಗುತ್ತಿದ್ದೆ. ಅದಕ್ಕೂ ಅವನು ಅವಕಾಶ ಕೊಡಲಿಲ್ಲ.