ಅರವತ್ತಮೂರನೆಯ ಮತ

ನಿಡೋಣಿಯ ಶಿವಯೋಗೆಪ್ಪ ಮಾಸ್ತರ ಮಾತಿಗೆ ಕೂತರೆ ಎದುರಿಗಿದ್ದವರು ಏಳುವಂತಿರಲಿಲ್ಲ. ಆದರೆ ಕಾಲೇಜಿನ ಚುನಾವಣೆಯ ಸುದ್ದಿ ತೆಗೆದರೆ ಸಾಕು, ಬಾಯಿ ಕಟ್ಟಿಬಿಡುತ್ತಿತ್ತು. “ಸೋತೆ” ಎನ್ನುತ್ತಿದ್ದ, ಅಷ್ಟೆ. ಸೋತದ್ದಕ್ಕೆ ವರ್ಷಗಟ್ಟಲೆ ಕೊರಗುವ ಮನುಷ್ಯನಲ್ಲ ಅವನು. ಕೊರಗು ಬೇರೆಯದೇ ಇತ್ತು.

ಅದು ನಲವತ್ತಾರನೆಯ ಇಸವಿ. ವಿಜಾಪುರದ ಹೊಸ ಕಾಲೇಜಿನಲ್ಲಿ ಹುಡುಗರು ಐವತ್ತೊಂಬತ್ತು, ಹುಡುಗಿಯರು ನಾಲ್ಕು. ಹಳ್ಳಿಯಿಂದ ಬಂದವರಿಗೆ ಇರಲು ನೆಲೆಯಿಲ್ಲ. ಶಿವಯೋಗೆಪ್ಪನೇ ಗೋಳಗುಮ್ಮಟದ ಹತ್ತಿರ ಬುಡ್ಡೇಸಾಬನೆಂಬ ಪರಿಚಯದವನ ಅಂಗಡಿ ಕಟ್ಟೆಯ ಮೇಲೆ ಮಲಗಿ ಓದುತ್ತಿದ್ದ. ಹಳ್ಳಿ ಹುಡುಗರಿಗೆ ಒಂದು ಕೋಣೆ ಕೊಡಿ ಎಂದು ಪ್ರಿನ್ಸಿಪಾಲರನ್ನು ಗಟ್ಟಿಯಾಗಿ ಕೇಳಬೇಕಾದರೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾಗಬೇಕು. ಆಸೆಯಿತ್ತು, ನಿಲ್ಲುವ ಎದೆ ಇರಲಿಲ್ಲ. ಎದೆ ಕೊಟ್ಟವಳು ಮುರಿಗೆವ್ವ.

ಆಕೆ ತಿಕೋಟಾದ ಅರಳೆ ವ್ಯಾಪಾರಿ ಅಮರಪ್ಪನವರ ಮಗಳು, ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಮೊದಮೊದಲು “ಶಿವಯೋಗೆಪ್ಪನವರ” ಎಂದು ಚೊಕ್ಕವಾಗಿ ಕರೆದು ಪುಸ್ತಕ ಕೇಳುತ್ತಿದ್ದವಳು ಶ್ರಾವಣದಿಂದೀಚೆ ಬರೀ “ನಿಡೋಣಿಯವರ” ಎನ್ನತೊಡಗಿದ್ದಳು. ತನ್ನನ್ನು ದೂರವಿಡುತ್ತಿದ್ದಾಳೆ ಎಂದುಕೊಂಡ, ಪೆದ್ದ. ಅಂಥವಳು ಒಂದು ದಿನ ವಾಚನಾಲಯದ ಬಾಗಿಲಲ್ಲಿ ನಿಂತು, “ನಿಡೋಣಿಯವರ, ನೀವು ನಿಲ್ರಿ. ನನ್ನ ಮತ ನಿಮಗ,” ಎಂದಳು. ಆ ಒಂದು ಮತದ ಮೇಲೆ ಶಿವಯೋಗೆಪ್ಪ ನಿಂತೇಬಿಟ್ಟ. ಗೆದ್ದರೆ ಅವಳೆದುರು ತಲೆಯೆತ್ತಿ ನಾಲ್ಕು ಮಾತಾಡಬಹುದು ಎಂಬ ಆಸೆ ಕೋಣೆಯ ಆಸೆಗಿಂತ ದೊಡ್ಡದಾಗಿ ಬೆಳೆದಿತ್ತು.

ಎದುರಾಳಿ ವಕೀಲರ ಮಗ ಹಣಮಂತರಾಯ. ಯುದ್ಧ ಮುಗಿದಿದ್ದರೂ ಕಾಗದದ ಬರ ಮುಗಿದಿರಲಿಲ್ಲ. ಚೀಟಿ ಬೇಡ, ಒಬ್ಬೊಬ್ಬರೇ ಎದ್ದು ಹೆಸರು ಹೇಳಿ ಎಂದರು ಪ್ರಿನ್ಸಿಪಾಲರು. ಕೈ ಎತ್ತಿಸಿದರೆ ಎರಡು ಸಲ ಎತ್ತುವ ಶೂರರು ಇದ್ದರಲ್ಲ! ಒಬ್ಬ “ನಮ್ಮ ನಿಡೋಣಿ ಅಣ್ಣಾಗ್ರಿ” ಎಂದದ್ದಕ್ಕೆ, “ಊರು ಬ್ಯಾಡ, ಹೆಸರು ಹೇಳ್ರಿ, ಹೆಸರು!” ಎಂದು ಗದರಿದರು.

ಹಾಜರಿಯಲ್ಲಿ ಹುಡುಗಿಯರು ಕೊನೆಗೆ, ಅವರಲ್ಲಿ ಮುರಿಗೆವ್ವ ಎಲ್ಲರಿಗಿಂತ ಕೊನೆಗೆ. ಅವಳ ಸರದಿ ಬರುವ ಹೊತ್ತಿಗೆ ಇಬ್ಬರಿಗೂ ಮೂವತ್ತೊಂದು ಮತ. ಶಿವಯೋಗೆಪ್ಪನಿಗೆ ಗೆದ್ದಷ್ಟೇ ಸಂತೋಷವಾಯಿತು.

ಮುರಿಗೆವ್ವ ಎದ್ದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನೆಲ ನೋಡಿದಳು. ಕಿವಿ ಕೆಂಪಗಾದವು. ತುಟಿ ಅಲುಗಿದವು, ಹೆಸರು ಮಾತ್ರ ಬರಲಿಲ್ಲ.

“ಹೇಳವಾ, ಯಾರಿಗೆ?”

ಹೇಳಲಿಲ್ಲ. ಹಾಗೇ ಕೂತಳು. ಅರವತ್ತಮೂರು ಚೀಟಿಗೆ ಕಾಗದವಿಲ್ಲದ ಕಾಲೇಜಿನಲ್ಲಿ ಎರಡು ಚೀಟಿಗೆ ಸಿಕ್ಕಿತು. ಎತ್ತಿದರು, ಹಣಮಂತರಾಯನ ಹೆಸರು ಬಂತು.

ಮರುದಿನ ಗೇಟಿನ ಹತ್ತಿರ ಅವಳೇ ಎದುರಾದಳು. “ನಿಡೋಣಿಯವರ, ಒಂದು ಮಾತು ಕೇಳ್ರಿ...”

“ನಿನ್ನಿ ಹೇಳೂ ಮಾತು ಇವತ್ತ್ಯಾಕ್ರಿ?” ಎಂದವನೇ ತಿರುಗಿ ನೋಡದೆ ನಡೆದ. ಬೇಸಿಗೆಯಲ್ಲಿ ಅವಳನ್ನು ಸೊಲ್ಲಾಪುರದ ಕಡೆ ಕೊಟ್ಟರು.

ಇಂಟರ್ ಮುಗಿಸಿ ಅವನು ಬಬಲೇಶ್ವರದಲ್ಲಿ ಮಾಸ್ತರನಾದ, ಕಾಳವ್ವನನ್ನು ಮದುವೆಯಾದ. ವಿಜಾಪುರಕ್ಕೆ ಹೋದಾಗಲೆಲ್ಲ ಕಾಲು ಆ ಗೇಟಿನ ಕಡೆಗೇ ತಿರುಗುತ್ತಿದ್ದವು. ಕೊಟ್ಟ ಮಾತು ಯಾಕೆ ತಪ್ಪಿದಳು ಎಂದು ಬೈದುಕೊಳ್ಳುತ್ತ ಹೋದವನು ಒಮ್ಮೆ ನೋಡಿದರೆ ಸಾಕಿತ್ತು ಎಂದುಕೊಳ್ಳುತ್ತ ಬರುತ್ತಿದ್ದ.

ನಲವತ್ತೊಂಬತ್ತರಲ್ಲಿ ಚಾವಡಿಯಲ್ಲಿ ರೇಷನ್ ಕಾರ್ಡು ಬರೆಯುತ್ತಿದ್ದರು. ಹೆಂಗಸರ ಸರದಿಯಲ್ಲಿ ಕಾಳವ್ವ, ಕಂಬದ ಹತ್ತಿರ ಶಿವಯೋಗೆಪ್ಪ.

“ಗಂಡನ ಹೆಸರೇನವಾ?” ಎಂದು ಬೇರೆ ಊರಿನ ಕಾರಕೂನ ಬಸಲಿಂಗಯ್ಯ ಕೇಳಿದ.

ಕಾಳವ್ವ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನೆಲ ನೋಡಿದಳು. ಕಿವಿ ಕೆಂಪಗಾದವು. ತುಟಿ ಅಲುಗಿ ಸುಮ್ಮನಾದವು.

ಹಿಂದೆ ನಿಂತಿದ್ದ ಪಕ್ಕದ ಮನೆಯ ರಹಿಮಾಬಿ ನಕ್ಕಳು. “ಆಕಿ ಹೆಂಗ ಹೇಳ್ತಾಳ್ರಿ ಸಾಹೇಬ್ರ? ಇವನೇ ನನ್ನ ಗಂಡ ಅಂತ ಮನಸಿನ್ಯಾಗ ಹಿಡದ ಮ್ಯಾಲ ಆ ಹೆಸರು ಬಾಯಾಗ ಬರೂದಿಲ್ರಿ.”

ಶಿವಯೋಗೆಪ್ಪನಿಗೆ ಶ್ರಾವಣದಿಂದ ತನ್ನ ಹೆಸರೆತ್ತದ ಹುಡುಗಿ, ಅರವತ್ತೆರಡು ಜನರ ಮುಂದೆ ಕೆಂಪಾದ ಆ ಕಿವಿ, ಗೇಟಿನಲ್ಲಿ ಅವಳು ಹೇಳಬಂದ ಆ ಒಂದು ಮಾತು ಎಲ್ಲ ಒಟ್ಟಿಗೆ ತಿಳಿಯಿತು. ಅವಳು ಮಾತು ತಪ್ಪಿರಲಿಲ್ಲ. ಕೇಳದೆ ಹೋದವನು ಇವನು.

“ಈ ತಾಯಿ ಗಂಡ ಯಾರ್ರಿ?” ಎಂದ ಕಾರಕೂನ. ಶಿವಯೋಗೆಪ್ಪ ಮುಂದೆ ಬಂದು ತನ್ನ ಹೆಸರು, ಉದ್ಯೋಗ ಬರೆಸಿದ.

“ಹೆಣ್ತಿ ಹೆಸರು?”

ನಾಲಿಗೆಗೆ ಮೊದಲು ಬಂದದ್ದು ಮುರಿಗೆವ್ವನ ಹೆಸರು. ತುಟಿ ಅಲುಗಿದವು. ಅವನು ನೆಲ ನೋಡುತ್ತ ನಿಂತ, ಅಂದು ಅವಳು ನಿಂತಷ್ಟೇ ಹೊತ್ತು.

“ಏನ್ರಿ ಮಾಸ್ತರ, ನಿಮಗೂ ನಾಚಿಕ್ಯಾ?”

“ಕಾಳವ್ವ,” ಎಂದ. “ಕಾಳವ್ವ ಅಂತ ಬರೀರಿ.”

ಗಂಡ ಮಂದಿಯೆದುರು ತನ್ನ ಹೆಸರು ಎರಡೆರಡು ಸಲ ಹೇಳಿದ್ದಕ್ಕೆ ಕಾಳವ್ವ ಸೆರಗಿನ ಮರೆಯಲ್ಲಿ ನಕ್ಕಳು.