ಟಿಂಚರಮ್ಮನ ಖಾಲಿ ಗೋದಲಿ

ನಮ್ಮ ಅತ್ತಿಗೆಗೆ ಶಾಲೆಯ ಮಕ್ಕಳು ಇಟ್ಟ ಹೆಸರು ಟಿಂಚರಮ್ಮ. ಇಟ್ಟವರು ಯಾರೋ ಗೊತ್ತಿಲ್ಲ, ಅಡ್ಡಹೆಸರು ಅಂದರೆ ಹೀಗಿರಬೇಕು. ಆಫೀಸಿಗೂ ಪ್ರಾರ್ಥನಾ ಮಂದಿರಕ್ಕೂ ನಡುವೆ ಅವಳ ಕೋಣೆ. ಒಂದು ಮಂಚ, ಒಂದು ತೂಕದ ಯಂತ್ರ, ಗಾಜಿನ ಬಾಗಿಲ ಕಪಾಟು, ಅಳುವವರು ಕೂರುವುದಕ್ಕೆಂದೇ ಒಂದು ಸ್ಟೂಲು. ಮೊಣಕಾಲು ಒಡೆದುಕೊಂಡು ಬಂದವರಿಗೆ ಮೊದಲು ಬೈಗುಳ, ಆಮೇಲೆ ಹತ್ತಿ, ಆಮೇಲೆ ಟಿಂಚರು, ಕೊನೆಗೊಂದು ಪೆಪ್ಪರ್‌ಮಿಂಟು. ಈ ಕ್ರಮ ಯಾರಿಗಾಗಿಯೂ ಬದಲಾಗುವುದಿಲ್ಲ. ಒಮ್ಮೆ ಚರ್ಚಿನ ಫಾದರ್ ಮೆಟ್ಟಿಲಲ್ಲಿ ಜಾರಿ ಮೊಣಕೈ ತರಚಿಕೊಂಡು ಬಂದಾಗ ಅವರಿಗೂ ಮೊದಲು ಸಿಕ್ಕಿದ್ದು ಬೈಗುಳವೇ. ಪೆಪ್ಪರ್‌ಮಿಂಟು ಚೀಪುತ್ತಾ ಹೊರಗೆ ಹೋದರು ಪಾಪ.

ನಾನು ಅದೇ ಶಾಲೆಯಲ್ಲಿ ಮೂರನೇ ಕ್ಲಾಸಿನ ಟೀಚರು. ಅವಳು ನಮ್ಮಣ್ಣನ ಹೆಂಡತಿ. ಅಣ್ಣ ಶಾಲೆಯ ಬಸ್ಸು ಓಡಿಸುತ್ತಾನೆ. ಇಡೀ ದಿನ ಮಕ್ಕಳ ಗಲಾಟೆ ಕೇಳಿ ಮನೆಗೆ ಬಂದಮೇಲೆ ಬಾಯಿ ಬಿಡುವುದಿಲ್ಲ. ಬಿಟ್ಟರೂ ಅತ್ತಿಗೆಯ ಮುಂದೆ ಅವನ ಮಾತು ನಡೆಯುವುದಿಲ್ಲ ಅನ್ನುವುದು ಬೇರೆ ವಿಷಯ. ಅತ್ತಿಗೆ ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವಳು. ಆದರೆ ಮದುವೆಯಾಗಿ ಬಂದ ದಿನವೇ "ನೀವು ಗೀವು ಅಂತ ನನ್ನ ದೂರ ಇಡ್ಬೇಡ ಕಣೇ" ಅಂದಿದ್ದಳು. ಹತ್ತಿರ ಇಟ್ಟುಕೊಂಡು ನಾನು ಪಟ್ಟ ಪಾಡು ನನಗೇ ಗೊತ್ತು.

ಶಾಲೆಗೆ ಬರುವ ಮುಂಚೆ ಅವಳು ಹೆರಿಗೆ ಆಸ್ಪತ್ರೆಯೊಂದರಲ್ಲಿ ನರ್ಸು. ಹೆರಿಗೆ ಮಾಡಿಸುವುದರಲ್ಲಿ ಎತ್ತಿದ ಕೈ. ಆ ಆಸ್ಪತ್ರೆ ಮುಚ್ಚಿಹೋದಾಗ ಕೆಲಸವಿಲ್ಲದೆ ಮನೆಯಲ್ಲಿ ಕೂತಳು. ಯಾರಾದರೂ "ಈಗ ಏನು ಮಾಡ್ತಿದ್ದೀಯ?" ಎಂದು ಕೇಳಿಬಿಟ್ಟಾರೆಂದು ಬೀದಿಯಲ್ಲಿ ಮುಖ ತಪ್ಪಿಸಿ ನಡೆಯುತ್ತಿದ್ದಳು. ನಮ್ಮ ಅತ್ತಿಗೆ, ಮುಖ ತಪ್ಪಿಸಿ! ಆಗ ಮನೆ ಬಾಗಿಲಿಗೆ ಬಂದವರು ದೊಡ್ಡ ಸಿಸ್ಟರ್. ನಮ್ಮ ಶಾಲೆ ನಡೆಸುವ ಸನ್ಯಾಸಿನಿಯರಲ್ಲಿ ಹಿರಿಯರು, ಆಗಿನ ಹೆಡ್ಮಿಸ್ಟ್ರೆಸ್ ಅವರೇ. ಕೊಟ್ಟ ಕುರ್ಚಿಯಲ್ಲಿ ಕೂರದೆ, ನಿಂತೇ ಹೇಳಿದರು:

"ಅಲ್ಲಿ ನೀನು ಕೈಯಲ್ಲಿ ಹಿಡಿದ ಮಕ್ಕಳೇ ಇಲ್ಲಿ ಬಿದ್ದು, ಗಾಯ ಮಾಡ್ಕೊಂಡು ಬರ್ತವೆ. ಶುರು ಮಾಡಿದವಳು ನೀನು, ಮುಂದಕ್ಕೂ ನೀನೇ ನೋಡ್ಕೋ. ನಾಳೆ ಬೆಳಿಗ್ಗೆ ಬಾ."

ಅತ್ತಿಗೆ ಮಾರನೇ ದಿನ ಹೋದವಳು ಇವತ್ತಿಗೂ ಹೋಗುತ್ತಿದ್ದಾಳೆ. ದೊಡ್ಡ ಸಿಸ್ಟರ್ ಅಂದರೆ ಅವಳಿಗೆ ಹೆತ್ತ ತಾಯಿಗಿಂತ ಒಂದು ಕೈ ಹೆಚ್ಚು.

ನಮ್ಮ ಶಾಲೆಯಲ್ಲಿ ಆಗಮನ ಕಾಲಕ್ಕೆ, ಅಂದರೆ ಕ್ರಿಸ್ಮಸ್ಸಿಗೆ ಕಾಯುವ ಆ ನಾಲ್ಕು ವಾರಗಳಿಗೆ, ವರಾಂಡದಲ್ಲಿ ಹಸಿರೆಲೆಯ ಮಾಲೆ ಇಡುತ್ತಾರೆ. ಅದರಲ್ಲಿ ನಾಲ್ಕು ಮೇಣದಬತ್ತಿ, ವಾರಕ್ಕೊಂದು ಹಚ್ಚುವುದು. ಪಕ್ಕದಲ್ಲಿ ಮರದ ಗೋದಲಿ, ಯೇಸು ಹುಟ್ಟಿದಾಗ ಮಲಗಿಸಿದ್ದರಂತಲ್ಲ, ಆ ದನದ ಮೇವಿನ ತೊಟ್ಟಿಯ ಥರದ್ದು. ಗೋದಲಿಯಲ್ಲಿ ಏನೂ ಇರುವುದಿಲ್ಲ. ಒಂದು ಒಳ್ಳೆಯ ಕೆಲಸ ಮಾಡಿದ ಮಗು ಒಂದೆಳೆ ಒಣಹುಲ್ಲು ಹಾಕಬೇಕು, ಹಾಗೆ ಹುಟ್ಟುವ ಕೂಸಿಗೆ ಹಾಸಿಗೆಯಾಗಬೇಕು. ಬಾಲಯೇಸುವಿನ ಪ್ರತಿಮೆ ಮಾತ್ರ ಇಪ್ಪತ್ತನಾಲ್ಕರ ಸಂಜೆಗೆ ಮುಂಚೆ ಹೊರಗೆ ಬರಕೂಡದು. ನಿಯಮ ದೊಡ್ಡ ಸಿಸ್ಟರ್ ಮಾಡಿದ್ದು, ಕಾವಲು ಅತ್ತಿಗೆಯದು. ಆ ಪ್ರತಿಮೆ ವರ್ಷವಿಡೀ ನಮ್ಮ ಮನೆಯ ಬೀರುವಿನಲ್ಲಿ, ಹಳೇ ಉಣ್ಣೆ ಶಾಲಿನೊಳಗೆ ಮಲಗಿರುತ್ತದೆ.

ಇದರಿಂದ ತಕರಾರು ಇದ್ದದ್ದೇ. ಶಾಲೆಗೆ ರಜೆ ಬೀಳುವುದು ಕ್ರಿಸ್ಮಸ್ಸಿಗೆ ಮುಂಚೆ, ವರ್ಷಾಂತ್ಯದ ಕಾರ್ಯಕ್ರಮ ಅದಕ್ಕೂ ಮುಂಚೆ. ಫೋಟೋ ತೆಗೆಯಲು ಬಂದ ತಾಯ್ತಂದೆಯರಿಗೆ ಪ್ರತಿ ಸಲ ಸಿಗುವುದು ಬರೀ ಹುಲ್ಲು.

"ಮಗು ಎಲ್ಲಿ ಸಿಸ್ಟರ್?" ಎಂದು ಒಬ್ಬ ತಾಯಿ ಹೆಡ್ಮಿಸ್ಟ್ರೆಸ್ಸನ್ನು ಕೇಳಿದರೆ ಉತ್ತರ ಅತ್ತಿಗೆಯಿಂದ ಬಂತು.

"ದಿನ ತುಂಬಿಲ್ಲ. ಫೋಟೋ ಚೆನ್ನಾಗಿ ಬರುತ್ತೆ ಅಂತ ನೀವು ಎಂಟನೇ ತಿಂಗಳಿಗೇ ಹೆತ್ರಾ?"

ಆ ತಾಯಿ ಮುಂದಿನ ವರ್ಷ ಕ್ಯಾಮೆರಾ ತರಲಿಲ್ಲ.

ಈ ಸಲದ ಆಗಮನ ಕಾಲದ ಮೊದಲ ಮೇಣದಬತ್ತಿ ಹಚ್ಚಿದ ವಾರವೇ ದೊಡ್ಡ ಸಿಸ್ಟರ್ ಹಾಸಿಗೆ ಹಿಡಿದರು. ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಶಾಲೆಯ ಹಿಂದೆ ಸಿಸ್ಟರುಗಳು ವಾಸಿಸುವ ಕಾನ್ವೆಂಟಿನಲ್ಲಿ, ತೋಟದ ಕಡೆಗೆ ಕಿಟಕಿಯಿರುವ ಕೋಣೆಯಲ್ಲಿ ಇರುತ್ತಿದ್ದರು. ಹೃದಯ ಸೋತಿದೆ ಅಂದರು ಡಾಕ್ಟರು. ಕ್ರಿಸ್ಮಸ್ಸಿನವರೆಗೆ ಉಳಿಯುವುದು ಅನುಮಾನ ಎಂದೂ ಹೇಳಿದರು. ಈಗಿನ ಹೆಡ್ಮಿಸ್ಟ್ರೆಸ್ ಚಿಕ್ಕ ವಯಸ್ಸಿನ ಸಿಸ್ಟರು, ದೊಡ್ಡ ಸಿಸ್ಟರ್ ಕೈಯಲ್ಲೇ ಅಕ್ಷರ ತಿದ್ದಿದವರು. ಕಣ್ಣು ಕೆಂಪು ಮಾಡಿಕೊಂಡು ಸ್ಟಾಫ್ ರೂಮಿಗೆ ಬಂದರು.

"ಅವರಿಗೆ ಕ್ರಿಸ್ಮಸ್ ಅಂದ್ರೆ ಪ್ರಾಣ. ಅಲ್ಲಿವರೆಗೂ ಕಾಯೋ ಹಾಗಿಲ್ಲ. ಈ ಶುಕ್ರವಾರನೇ ಮಕ್ಕಳನ್ನ ಕರ್ಕೊಂಡು ಹೋಗೋಣ, ಕ್ರಿಸ್ಮಸ್ ಹಾಡು ಹಾಡೋಣ. ಅವರ ಕೈಯಿಂದಲೇ ಗೋದಲೀಲಿ ಮಗೂನ ಮಲಗ್ಸೋಣ."

ಎಲ್ಲರೂ ತಲೆಯಾಡಿಸಿದೆವು. ಮೂಲೆಯಲ್ಲಿ ಕೂತು ಬ್ಯಾಂಡೇಜ್ ಬಟ್ಟೆ ಸುತ್ತುತ್ತಿದ್ದ ಅತ್ತಿಗೆ ತಲೆಯೆತ್ತದೆ ಅಂದಳು:

"ಮಗು ಕೊಡಲ್ಲ."

"ಏನಂದ್ರಿ?" ಹೆಡ್ಮಿಸ್ಟ್ರೆಸ್ಸಿಗೆ ಕೇಳಿಸಿದ್ದು ನಂಬಲಾಗಲಿಲ್ಲ.

"ಇವತ್ತೇ ಕ್ರಿಸ್ಮಸ್ ಅಂತ ಅವರಿಗೆ ಟೋಪಿ ಹಾಕೋಕಾಗುತ್ತಾ? ನಮ್ಮ ಮುಖ ನೋಡಿದ ತಕ್ಷಣ ಗೊತ್ತಾಗುತ್ತೆ, ಎಲ್ಲಾ ಸೇರಿ ನನ್ನ ಕಳಿಸೋಕೆ ಬಂದಿದ್ದಾರೆ ಅಂತ. ಅವರು ಯಾವತ್ತೂ ಕೆಲಸ ಅರ್ಧಕ್ಕೆ ಬಿಟ್ಟು ಎದ್ದವರಲ್ಲ. ಗೋದಲಿ ಖಾಲಿ ಇರ್ಲಿ. ಖಾಲಿ ಇದ್ರೆ ಕಾಯ್ತಾರೆ."

"ಕಾಯೋಕಾಗ್ದೆ ಹೋಗ್ಬಿಟ್ರೆ?"

"ಬೈಗುಳ ನಂಗಿರ್ಲಿ."

ಮನೆಗೆ ಹೋಗುವ ದಾರಿಯಲ್ಲಿ, ಖಾಲಿ ಬಸ್ಸಿನಲ್ಲಿ, ನಾನು ಅವಳ ಮೇಲೆ ಹರಿಹಾಯ್ದೆ. ಸಾಯುವವರ ಕೊನೆಯ ಆಸೆಗೆ ಕಲ್ಲು ಹಾಕುವುದಕ್ಕೂ ಒಂದು ಮಿತಿ ಬೇಡವೇ? "ನಿಂಗೆ ಹೃದಯ ಅನ್ನೋದು ಇದೆಯಾ ಅತ್ತಿಗೆ?" ಅಂದೆ.

"ಇದೆ. ಹೋದ ತಿಂಗಳು ಇಸಿಜಿ ಮಾಡಿಸಿದ್ದೀನಿ" ಅಂದಳು. ಅಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ, ಸುಮ್ಮನಿರು ಎಂಬಂತೆ ಹುಬ್ಬು ಹಾರಿಸಿದ.

ಮರುದಿನ ಅವಳು ಮಾಡಿದ ಕೆಲಸ ನೋಡಿ. ಅಣ್ಣನನ್ನು ಕರೆದು ವರಾಂಡದ ಗೋದಲಿಯನ್ನು ಎತ್ತಿಸಿ, ದೊಡ್ಡ ಸಿಸ್ಟರ್ ಮಂಚದ ಕಾಲ ಬಳಿ ತಂದಿಡಿಸಿದಳು. ಸೊಂಟಕ್ಕೆ ಕೈಕೊಟ್ಟು ನಿಂತು, "ಸಿಸ್ಟರ್, ಈ ವರ್ಷದ ಮಕ್ಕಳು ಹುಲ್ಲಿನ ವಿಷಯದಲ್ಲಿ ಭಾರೀ ಮೋಸ ಮಾಡ್ತಿದ್ದಾರೆ. ನನ್ನ ಕೈಲಾಗಲ್ಲ, ನೀವೇ ವಿಚಾರಿಸ್ಕೊಳ್ಳಿ" ಅಂದಳು. ದೊಡ್ಡ ಸಿಸ್ಟರ್ ಕಣ್ಣು ತೆರೆದರು.

ಅಂದಿನಿಂದ ದಿನಾ ಮಧ್ಯಾಹ್ನ ಹುಲ್ಲಿನ ಕಟ್ಟು ಹಿಡಿದು, ಮಕ್ಕಳ ಒಳ್ಳೆಯ ಕೆಲಸಗಳ ಪಟ್ಟಿ ಓದುವುದು ನನ್ನ ಪಾಲಿಗೆ ಬಂತು. ಸಿಸ್ಟರ್ ದಿಂಬಿಗೆ ಒರಗಿ ಕೇಳುತ್ತಿದ್ದರು.

"ಒಬ್ಬಳು ಅಜ್ಜಿಗೆ ಕನ್ನಡಕ ಹುಡುಕಿಕೊಟ್ಟಳಂತೆ."

"ಹಾಕು."

"ಒಬ್ಬನಿಗೆ ತಮ್ಮನಿಗೆ ಹೊಡೀಬೇಕು ಅನ್ನಿಸ್ತಂತೆ, ಹೊಡೀಲಿಲ್ಲವಂತೆ."

"ತಮ್ಮ ಇವನಿಗಿಂತ ದಪ್ಪ ಇದ್ದಾನಾ, ಕೇಳ್ಕೊಂಡು ಬಾ. ಇದ್ರೆ ಹುಲ್ಲಿಲ್ಲ."

ನಾನು ನಿಜವಾಗಿ ಕೇಳಿಕೊಂಡು ಬರಬೇಕಾಗುತ್ತಿತ್ತು. ತಮ್ಮ ದಪ್ಪ ಇದ್ದ. ಆ ಎಳೆ ಕಿಟಕಿಯಾಚೆ ಹೋಯಿತು. ಮಕ್ಕಳಲ್ಲಿ ಸುದ್ದಿ ಹಬ್ಬಿ, ದೊಡ್ಡ ಸಿಸ್ಟರ್ ಪಾಸು ಮಾಡಿದ ಹುಲ್ಲಿಗೆ ಎಲ್ಲಿಲ್ಲದ ಬೆಲೆ ಬಂತು. ಸಿಸ್ಟರ್ ಗಂಜಿ ಕುಡಿಯತೊಡಗಿದರು. ಅತ್ತಿಗೆ ಕಾರಿಡಾರಿನಲ್ಲಿ ಹೆಡ್ಮಿಸ್ಟ್ರೆಸ್ ಎದುರಾದಾಗಲೆಲ್ಲ ಏನೂ ಹೇಳದೆ ಎದೆ ಮುಂದೆ ಮಾಡಿ ನಡೆಯುತ್ತಿದ್ದಳು. ಹೇಳಿದ್ದರೆ ಚೆನ್ನಾಗಿತ್ತು, ಆ ನಡಿಗೆಯನ್ನು ಸಹಿಸುವುದು ಕಷ್ಟ.

ಮೂರನೇ ವಾರ ಎಲ್ಲ ತಲೆಕೆಳಗಾಯಿತು. ಬೆಳಿಗ್ಗೆ ಸಿಸ್ಟರಿಗೆ ಉಸಿರು ಸಿಕ್ಕಲಿಲ್ಲ. ಡಾಕ್ಟರು ಬಂದು ಸೂಜಿ ಚುಚ್ಚಿ, ತಲೆಯಲ್ಲಾಡಿಸಿ ಹೋದರು. ಫಾದರ್ ಬಂದು, ಸಾವು ಹತ್ತಿರವಾದ ರೋಗಿಗಳಿಗೆ ಪ್ರಾರ್ಥಿಸಿ ಹಚ್ಚುವ ಅಭ್ಯಂಗದ ಎಣ್ಣೆಯನ್ನು ಹಣೆಗೆ, ಅಂಗೈಗೆ ಹಚ್ಚಿದರು. ಹೆಡ್ಮಿಸ್ಟ್ರೆಸ್ ಅತ್ತಿಗೆಯ ಎದುರು ನಿಂತು ಎರಡೂ ಕೈ ಜೋಡಿಸಿಬಿಟ್ಟರು.

"ನಿಮ್ಮ ಹಟ ಸಾಕು. ಮಗು ತನ್ನಿ. ಖಾಲಿ ಗೋದಲಿ ನೋಡ್ಕೊಂಡು ಅವರು ಹೋದ್ರೆ ನಾನು ನಿಮ್ಮನ್ನ ಕ್ಷಮಿಸಲ್ಲ."

ಅತ್ತಿಗೆ ಮನೆಗೆ ಹೊರಟಳು. ನಾನು ಹಿಂದೆಯೇ ಹೋದೆ. ಬೀರು ತೆರೆದು ಶಾಲಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಳು. ಗಂಟು ಬಿಚ್ಚಲಿಲ್ಲ. ಬಿಸಿಲು ಕಿಟಕಿಯಿಂದ ಅವಳ ಪಾದದವರೆಗೆ ಬಂದಿತ್ತು. ಶಾಲಿನ ಅಂಚನ್ನು ಮತ್ತೆ ಮತ್ತೆ ಒಳಗೆ ಸಿಕ್ಕಿಸುತ್ತಿದ್ದಳು, ಕೂಸಿಗೆ ಹೊದಿಸುವ ಹಾಗೆ. ಎಷ್ಟೋ ಕೂಸುಗಳನ್ನು ಹೀಗೇ ಸುತ್ತಿದ ಕೈ ಅದು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

"ತಗೊಂಡು ಹೋಗೋಣ ಅತ್ತಿಗೆ. ಯಾರೂ ಏನೂ ಅನ್ನಲ್ಲ" ಅಂದೆ.

"ಇದನ್ನ ನೋಡಿದ್ರೆ ಅವರು ಇವತ್ತೇ ಹೋಗ್ತಾರೆ ಕಣೇ" ಅಂದಳು. ಗಂಟನ್ನು ವಾಪಸ್ಸು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬರಿಗೈಯಲ್ಲಿ ಕಾನ್ವೆಂಟಿಗೆ ನಡೆದು, ಹೆಡ್ಮಿಸ್ಟ್ರೆಸ್ಸಿನ ಮುಖವನ್ನೂ ನೋಡದೆ ಸಿಸ್ಟರ್ ಪಕ್ಕ ಕೂತು, ಅವರ ಕಿವಿಯ ಬಳಿ ಬಾಗಿ ಗದರಿದಳು.

"ಸಿಸ್ಟರ್, ಇವತ್ತಿನ ಹುಲ್ಲು ಯಾರು ನೋಡ್ತಾರೆ? ಕಟ್ಟು ಹಾಗೇ ಬಿದ್ದಿದೆ."

ಸಂಜೆಯಾಗುವ ಹೊತ್ತಿಗೆ ಸಿಸ್ಟರ್ ತುಟಿ ಅಲ್ಲಾಡಿತು. ಎಲ್ಲರೂ ಬಗ್ಗಿ ಕೇಳಿದೆವು. ಪ್ರಾರ್ಥನೆ ಇರಬೇಕು ಅಂದುಕೊಂಡರೆ, "ಓದು" ಅಂದರು.

ವರ್ಷಾಂತ್ಯದ ಕಾರ್ಯಕ್ರಮ ಮುಗಿಯಿತು, ರಜೆ ಬಿತ್ತು, ಮಕ್ಕಳು ಮನೆಗೆ ಹೋದರು. ಈಗ ಹುಲ್ಲು ಎಲ್ಲಿಂದ? ಅತ್ತಿಗೆ ತಾನೇ ಒಳ್ಳೆಯ ಕೆಲಸ ಮಾಡಲು ಹೊರಟಳು. ಅದು ನಮ್ಮ ಮನೆಯವರಿಗೆ ಮರೆಯಲಾಗದ ವಾರ. ಅಣ್ಣನಿಗೆ ಕೇಳದೇ ಎರಡನೇ ಸಲ ಕಾಫಿ ಸಿಕ್ಕಿತು, ಅವನು ಹೆದರಿ ಕುಡಿದ. ಮಧ್ಯಾಹ್ನ ಅತ್ತಿಗೆ ಒಂದೆಳೆ ಹುಲ್ಲು ಹಿಡಿದು ಸಿಸ್ಟರ್ ಮಂಚದ ಬಳಿ ನಿಲ್ಲುವಳು.

"ಇವತ್ತು ಬೆಳಿಗ್ಗೆಯಿಂದ ಯಾರಿಗೂ ಬೈದಿಲ್ಲ ಸಿಸ್ಟರ್."

"ಸುಳ್ಳು" ಅನ್ನುವರು ಸಿಸ್ಟರ್, ಕಣ್ಣು ಮುಚ್ಚಿಕೊಂಡೇ. ಆ ವಾರದಲ್ಲಿ ಅತ್ತಿಗೆಗೆ ಸಿಕ್ಕಿದ್ದು ಒಂದೇ ಒಂದು ಎಳೆ. ಅದೂ ಹೆಡ್ಮಿಸ್ಟ್ರೆಸ್ಸಿನ ಹತ್ತಿರ ಹೋಗಿ, "ನೀವು ಅತ್ತಿದ್ದು ನಂಗೆ ಬೇಜಾರಾಯ್ತು" ಎಂದು ಹೇಳಿ ಬಂದಿದ್ದಕ್ಕೆ.

ಇಪ್ಪತ್ತನಾಲ್ಕರ ಸಂಜೆ, ಬೆಳಕು ಇನ್ನೂ ಇರುವಾಗಲೇ, ಅತ್ತಿಗೆ ಶಾಲಿನ ಗಂಟನ್ನು ಎದೆಗವಚಿಕೊಂಡು ಕಾನ್ವೆಂಟಿಗೆ ಬಂದಳು. ಸಿಸ್ಟರ್ ದಿಂಬುಗಳ ನಡುವೆ ಪುಟ್ಟ ಹುಡುಗಿಯಷ್ಟೇ ಆಗಿದ್ದರು. ಅತ್ತಿಗೆ ಶಾಲು ಬಿಡಿಸಿ ಬಾಲಯೇಸುವನ್ನು ಅವರ ಕೈಗಿತ್ತಳು. ಸಿಸ್ಟರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮೂಗಿನ ಬಣ್ಣ ಹೋಗಿದೆ."

"ಹಳೇ ಮಗು ಸಿಸ್ಟರ್, ಇನ್ನೇನಾಗುತ್ತೆ."

ಸಿಸ್ಟರ್ ಕೈಯ ಕೆಳಗೆ ಅತ್ತಿಗೆ ತನ್ನ ಕೈ ಕೊಟ್ಟಳು. ಇಬ್ಬರೂ ಸೇರಿ ಮಗುವನ್ನು ಹುಲ್ಲಿನ ಮೇಲೆ ಮಲಗಿಸಿದರು. ಹೆಡ್ಮಿಸ್ಟ್ರೆಸ್ ಹಾಡು ಎತ್ತಿಕೊಂಡರು, ನಾವು ದನಿಗೂಡಿಸಿದೆವು, ಅಣ್ಣ ಕೂಡ ಬಾಗಿಲ ಬಳಿ ನಿಂತು ಹಾಡಿದ. ನನಗೆ ಖುಷಿಯೋ ಖುಷಿ. ಅತ್ತಿಗೆ ಗೆದ್ದಳು ಅನ್ನುವುದು ನನ್ನ ಲೆಕ್ಕ. ಈಗ ಆ ಎದೆಯುಬ್ಬಿಸಿದ ನಡಿಗೆಯನ್ನು ಇನ್ನೊಂದು ವರ್ಷ ಸಹಿಸಬೇಕಲ್ಲ ಎಂದು ನಗು ಬರುತ್ತಿತ್ತು.

ಹಾಡು ಮುಗಿದಾಗ ಅತ್ತಿಗೆ ಮಂಚದ ಪಕ್ಕ ಮೊಣಕಾಲೂರಿದಳು.

"ಸಿಸ್ಟರ್, ಒಂದು ಮಾತು. ಇಷ್ಟು ದಿನ ನಾನು ನಿಮ್ಮನ್ನ ಕಾಯಿಸಿದ್ದು ನಿಮಗೋಸ್ಕರ ಅಂತ ಎಲ್ಲರ ಹತ್ರ ಜಗಳ ಆಡಿದೆ. ಅದು ನಂಗೋಸ್ಕರ. ನಿಮ್ಮನ್ನ ಬಿಡೋಕೆ ನಂಗೆ ಆಗ್ಲಿಲ್ಲ. ಇನ್ನು ನಾನು ಹಿಡ್ಕೊಳ್ಳಲ್ಲ. ನಿಮಗೆ ಯಾವಾಗ ಅನ್ಸುತ್ತೋ ಆಗ ಹೊರಡಿ."

ಸಿಸ್ಟರ್ ಅವಳನ್ನೇ ನೋಡಿದರು, ತಪ್ಪು ಲೆಕ್ಕ ಮಾಡಿದ ಹುಡುಗಿಯನ್ನು ನೋಡಿದ ಹಾಗೆ.

"ನಂಗೆ ಅಪ್ಪಣೆ ಕೊಡೋಷ್ಟು ದೊಡ್ಡವಳಾದ್ಯಾ ನೀನು? ಹೋಗು, ಆ ಕಿಟಕಿ ಮುಚ್ಚು. ಮಗೂಗೆ ಥಂಡಿ ಆಗುತ್ತೆ."

ಅತ್ತಿಗೆ ಎದ್ದು ಹೋಗಿ ಕಿಟಕಿ ಮುಚ್ಚಿದಳು. ಮುಚ್ಚಿದ ಮೇಲೂ ಚಿಲಕ ಹಿಡಿದುಕೊಂಡು, ನಮಗೆ ಬೆನ್ನು ಹಾಕಿ ಅಲ್ಲೇ ನಿಂತಿದ್ದಳು. ಅವಳ ಹೆಗಲು ಕುಲುಕುತ್ತಿತ್ತು. ಅಣ್ಣ ಹೋಗಿ ಅವಳ ಪಕ್ಕದಲ್ಲಿ ನಿಂತ.

ದೊಡ್ಡ ಸಿಸ್ಟರ್ ಹೊರಟಿದ್ದು ವರ್ಷದ ಕೊನೆಯ ದಿನ, ಮಧ್ಯಾಹ್ನ. ಉಸಿರು ನಿಂತು ನಿಂತು ಬರುತ್ತಿತ್ತು. ಹೆಡ್ಮಿಸ್ಟ್ರೆಸ್ ಅತ್ತಿಗೆಯ ತೋಳು ಹಿಡಿದು, "ಏನಾದ್ರೂ ಹೇಳಿ. ಅವತ್ತಿನ ಹಾಗೆ ಗದರಿ. ನೀವು ಕರೆದ್ರೆ ಬರ್ತಾರೆ" ಅಂದರು. ಅತ್ತಿಗೆ ಬೇಡವೆಂದು ತಲೆಯಾಡಿಸಿದಳು. ಸಿಸ್ಟರ್ ಕೈಯ ಕೆಳಗೆ ತನ್ನ ಅಂಗೈ ಇಟ್ಟುಕೊಂಡು ಕೂತಿದ್ದಳು. ಬೆರಳು ಮಡಿಸಿರಲಿಲ್ಲ.