‘ಹಿಂದೆ ಬಾ’ ಎಂದು ಕೂಗಿದ ಶನಿವಾರ

ನನ್ನ ಮೊಮ್ಮಗಳು ಐಸ್ ಮೇಲಿನ ಹಾಕಿ ಆಡುತ್ತಾಳೆ, ಅದೂ ನೈರೋಬಿಯಲ್ಲಿ! ಬರೆಯುವಾಗಲೂ ಹಿಗ್ಗು ತಡೆಯಲಾಗುತ್ತಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಫ್ರಿಜ್ಜಿನ ಹೊರಗೆ ಅಷ್ಟೊಂದು ಐಸ್ ಕಂಡದ್ದೇ ಇಲ್ಲಿ, ಹೋಟೆಲೊಂದರ ಒಳಗಿನ ಪುಟ್ಟ ಅಂಗಳದಲ್ಲಿ. ಇಷ್ಟು ಖುಷಿಯ ನಡುವೆ ಒಂದು ಶನಿವಾರ ಮಾತ್ರ ಇನ್ನೂ ಚುಚ್ಚುತ್ತದೆ.

ಅವಳದು ಡಿಫೆನ್ಸ್, ಗೋಲಿನ ಮುಂದಿನ ಕಾವಲು. ಆದರೆ ಕಾವಲಿನವರೂ ಒಮ್ಮೊಮ್ಮೆ ದಾಳಿಗೆ ಸೇರಿಕೊಳ್ಳಬಹುದಂತೆ. ಹೈರಿಡ್ಜ್ ಬಡಾವಣೆಯ ಮನೆಯಲ್ಲಿ ಊಟದ ಮೇಜಿನ ಮೇಲೆ ಲೋಟ, ಚಮಚ ಜೋಡಿಸಿ ನನಗೂ ತೋರಿಸಿದ್ದಳು: ಎದುರಾಳಿಗಳು ತಮ್ಮ ಗೋಲಿನ ಕಡೆ ಕಡಿಮೆ ಇರಬೇಕು, ತನ್ನ ಜಾಗಕ್ಕೆ ಮುಂದೆ ಆಡುವವಳೊಬ್ಬಳು ಹಿಂದೆ ಬಂದಿರಬೇಕು, ಆಮೇಲೆ ಅನುಮಾನ ಪಡದೆ ನುಗ್ಗಬೇಕು. ತಿಂಗಳುಗಟ್ಟಲೆ ಕಾದ ಮೇಲೆ, ಆ ಶನಿವಾರ ಕೋಚ್ ಮೊದಲ ಸಲ ಅವಳಿಗೆ ಹಾಗೆ ನುಗ್ಗಲು ಒಪ್ಪಿಗೆ ಕೊಟ್ಟಿದ್ದರು.

ಆಟ ಮುಗಿಯಲು ಒಂದೇ ನಿಮಿಷ, ಗೋಲು ಸಮಸಮ. ನಮ್ಮ ತಂಡದ ಹುಡುಗಿಯೊಬ್ಬಳು ಪಕ್ ಎನ್ನುವ ಆ ಕಪ್ಪು ಬಿಲ್ಲೆಯನ್ನು ತಳ್ಳಿಕೊಂಡು ಹೊರಟಳು. ಇವಳೂ ಬಲಗಡೆಯಿಂದ ಚಿಮ್ಮಿದಳು. ನನ್ನ ಕಣ್ಣಿಗೆ ಬಿದ್ದದ್ದು ಅವಳು ಬಿಟ್ಟುಹೋದ ಜಾಗವೊಂದೇ.

“ಅಯ್ಯೋ ಪುಟ್ಟಿ, ಹಿಂದೆ ಬಾರೇ! ಗೋಲು ಕಾಯೋರ್ ಯಾರೇ!”

ಆ ಗದ್ದಲದಲ್ಲಿ ಕನ್ನಡ ಅರ್ಥವಾಗುವ ಆಟಗಾರ್ತಿ ಅವಳೊಬ್ಬಳೇ. ಗಕ್ಕನೆ ನಿಂತಳು. ಅವಳಿಗೆಂದು ಬಂದ ಪಕ್ ಯಾರೂ ಇಲ್ಲದ ಕಡೆ ಜಾರಿಹೋಯಿತು. ಆಟವೂ ಮುಗಿಯಿತು.

ವಾಪಸು ಬರುವಾಗ ಮಟಾಟು ಎನ್ನುವ ಬಾಡಿಗೆ ವ್ಯಾನುಗಳ ಸಂದಣಿಯಲ್ಲಿ ಕಾರು ನಿಂತಿತ್ತು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅವಳು ಹೇಳಿದಳು, “ಅಜ್ಜಿ, ಶಿ ವಾಸ್ ಕವರಿಂಗ್ ಮೀ. ಐ ಚೆಕ್ಡ್.”

“ನಂಗೆ ಕಾಣ್ಲಿಲ್ಲ ಕಂದ.”

“ಯು ಡಿಡಂಟ್ ಲುಕ್.”

ಕಾರು ಓಡಿಸುತ್ತಿದ್ದ ಮಗಳು ನಗಿಸಲು ನೋಡಿದಳು: “ಅಮ್ಮ, ಮುಂದಿನ್ ಸಲ ಬಾಯಲ್ಲಿ ಚಕ್ಕುಲಿ ಇಟ್ಕೊಂಡ್ ಕೂತ್ಕೋ.” ಯಾರೂ ನಗಲಿಲ್ಲ.

ಅವಳ ಜಾಗವನ್ನು ಇನ್ನೊಬ್ಬಳು ತುಂಬಿದ್ದಳಂತೆ. ಕಲಿಸಿದ್ದನ್ನೆಲ್ಲ ಮಗು ಸರಿಯಾಗಿಯೇ ಮಾಡಿತ್ತು. ನಂಬದೆ ಹೋದವಳು ನಾನು.

ಈಗ ಚೆನ್ನಾಗಿ ನುಗ್ಗುತ್ತಾಳೆ. ಹೋದ ತಿಂಗಳು ಗೋಲನ್ನೂ ಹೊಡೆದಳು. ಮಂಡಿನೋವು ಮರೆತು ಕುಣಿದುಬಿಟ್ಟೆ! ಆದರೆ ನಡುಗೆರೆ ದಾಟುವ ಮುಂಚೆ ಪ್ರತಿ ಸಲವೂ ಅರೆಕ್ಷಣ ನಾನು ಕೂತ ಕಡೆಗೆ ಅವಳ ಕತ್ತು ತಿರುಗುತ್ತದೆ.

“ನನ್ ಕಡೆ ನೋಡ್ಬೇಡ ಕಣೇ,” ಎಂದರೆ, “ಐ ಡೋಂಟ್, ಅಜ್ಜಿ,” ಎನ್ನುತ್ತಾಳೆ.

ನೋಡುತ್ತಾಳೆ. ಅವಳಿಗೇ ಗೊತ್ತಾಗುವುದಿಲ್ಲ.